ಆಸ್ಪತ್ರೆಯಲ್ಲಿ ‘ಸ್ಟಡಿಗೆ ಸೇರ್ತೀರಾ’ ಅಂತ ಕೇಳಿದಾಗ: ಕೊಡಗಿನ ರೋಗಿಗಳು, ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು ಒಪ್ಪಿಗೆ ಪತ್ರ ಓದಿ ಹೇಳುವುದು, ಪ್ರಶ್ನೆ ಕೇಳಿ ನಮೂನೆ ತುಂಬುವುದು ನನ್ನ ಕೆಲಸ. ನಾನು ಡಾಕ್ಟರಲ್ಲ. ‘ಒಂದು ಸ್ಟಡಿ ಮಾಡ್ತಿದ್ದೇವೆ’ ಅಂದ ಕೂಡಲೇ ಎದುರಿಗಿದ್ದವರ ಮುಖ ಬಿಗಿಯುವುದನ್ನು ದಿನವೂ ನೋಡುತ್ತೇನೆ. ಅವರು ಕೇಳಿದ್ದನ್ನು, ಆಮೇಲೆ ಕಾಗದ ಬರೆದು ಅವರ ಮಕ್ಕಳು ಕೇಳಿದ್ದನ್ನು, ಕಲಿಯುವ ಡಾಕ್ಟರುಗಳು ಕ್ಯಾಂಟೀನಿನಲ್ಲಿ ಕೇಳಿದ್ದನ್ನು ಇಲ್ಲಿ ಕೂಡಿಸಿದ್ದೇನೆ. ಮೊದಲಿಗೆ ಎಲ್ಲರೂ ಕೇಳುವಂಥವು, ಆಮೇಲೆ ಸ್ವಲ್ಪ ಒಳಗಿನವು.

## ಮೊದಲು ಕೇಳುವುದು

‘ಸ್ಟಡಿ ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡೋದಾ ಮೇಡಂ?’

ನಮ್ಮ ಆಸ್ಪತ್ರೆಗಳಲ್ಲಿ ನಡೆಯುವ ಬಹುಪಾಲು ಅಧ್ಯಯನಗಳಲ್ಲಿ ಹೊಸ ಔಷಧಿಯೇ ಇರುವುದಿಲ್ಲ. ನಿಮಗೆ ಹೇಗಿದ್ದರೂ ಕೊಡುವ ಚಿಕಿತ್ಸೆಯನ್ನೇ ಕೊಡುತ್ತಾರೆ. ಜ್ವರ ಎಷ್ಟು ದಿನವಿತ್ತು, ರಕ್ತದ ವರದಿ ಏನು ಬಂತು, ಎಷ್ಟು ದಿನಕ್ಕೆ ಮನೆಗೆ ಹೋದಿರಿ ಎಂಬುದನ್ನು ಕ್ರಮವಾಗಿ ಬರೆದಿಡುತ್ತಾರೆ. ಹೊಸ ಔಷಧಿ ಅಥವಾ ಎರಡು ಚಿಕಿತ್ಸೆಗಳ ಹೋಲಿಕೆ ಇದ್ದರೆ ಅದನ್ನು ಕ್ಲಿನಿಕಲ್ ಟ್ರಯಲ್ ಅನ್ನುತ್ತಾರೆ. ಅದರ ನಿಯಮಗಳು ಬೇರೆ, ಬಿಗಿಯೂ ಹೆಚ್ಚು. ‘ಇದು ಬರೀ ಮಾಹಿತಿಯಾ, ಟ್ರಯಲ್ಲಾ?’ ಅಂತ ಮೊದಲೇ ಕೇಳಿಬಿಡಿ.

ಕ್ಷಯ ಬಂದವರನ್ನು ಈಗ ಮನೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಡುತ್ತೇವಲ್ಲ, ಅದೂ ಇಂಥದ್ದೇ ಒಂದು ಅಧ್ಯಯನದಿಂದ ಬಂದ ತಿಳಿವಳಿಕೆ. 1956ರಲ್ಲಿ ಮದ್ರಾಸಿನಲ್ಲಿ ಬಡ ಕುಟುಂಬಗಳ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯದವರನ್ನು ಬಹುಕಾಲ ಇರಿಸಿಕೊಳ್ಳುವ ಆಸ್ಪತ್ರೆಯಲ್ಲಿ, ಇನ್ನೊಂದನ್ನು ಅವರವರ ಮನೆಯಲ್ಲೇ ಇಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು.

‘ನಾನು ಬಂದಿದ್ದು ಜ್ವರಕ್ಕೆ. ಗದ್ದೆಗೆ ಇಳಿದಿದ್ರಾ, ತೋಟದಲ್ಲಿ ಏನು ಕೆಲಸ ಅಂತೆಲ್ಲ ಯಾಕೆ ಕೇಳ್ತೀರಿ?’

ಮಳೆಗಾಲದಲ್ಲಿ ಕೊಡಗಿನಲ್ಲಿ ಜ್ವರ ಅಂದರೆ ಡೆಂಗ್ಯೂ, ಇಲಿಜ್ವರ, ಸ್ಕ್ರಬ್ ಟೈಫಸ್, ಟೈಫಾಯ್ಡ್ ಯಾವುದೂ ಆಗಿರಬಹುದು. ಮೊದಲ ಎರಡು ಮೂರು ದಿನ ಎಲ್ಲದಕ್ಕೂ ಅದೇ ಮೈಕೈ ನೋವು, ಅದೇ ತಲೆನೋವು. ಇಲಿಜ್ವರದ ರೋಗಾಣು ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ, ಒಡೆದ ಹಿಮ್ಮಡಿಯ ಅಥವಾ ಗಾಯದ ಮೂಲಕ ಒಳಗೆ ಹೋಗುತ್ತದೆ. ನಾಟಿ ಸಮಯದಲ್ಲಿ ಗದ್ದೆಯಲ್ಲಿ ನಿಂತವರಿಗೆ ಅದರ ಭಯ ಹೆಚ್ಚು. ಸ್ಕ್ರಬ್ ಟೈಫಸ್ ಬರುವುದು ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಬೀಳುವುದೇ ಕಷ್ಟವಾದ ಒಂದು ನುಸಿಯ ಮರಿ ಕಚ್ಚಿ. ಕಾಡು ಕಡಿಯುವವರಿಗೆ, ಸೌದೆ ತರುವವರಿಗೆ ಅದು ತಗಲುತ್ತದೆ.

ಒಬ್ಬ ಹೆಂಗಸು ನನಗೆ ಈಗಲೂ ನೆನಪಾಗುತ್ತಾರೆ. ಐದು ದಿನದ ಜ್ವರ. ಲೈನ್ ಮನೆಯಿಂದ ತೋಟದ ಜೀಪಿನಲ್ಲಿ ಕರೆತಂದಿದ್ದರು. ‘ಏನಾದರೂ ಕಚ್ಚಿತ್ತಾ?’ ಅಂದರೆ ‘ಜಿಗಣೆ ದಿನಾ ಕಚ್ಚತ್ತಲ್ಲ’ ಅಂದರು. ನಮೂನೆಯಲ್ಲಿ ‘ಮೈಮೇಲೆ ಕಪ್ಪು ಹಕ್ಕಳೆ ಇದೆಯೇ, ಬಟ್ಟೆ ಸರಿಸಿ ನೋಡಿದಿರಾ’ ಎಂಬ ಸಾಲಿತ್ತು. ಸಿಸ್ಟರ್ ಪರದೆ ಎಳೆದು ನೋಡಿದಾಗ ಸೊಂಟದಲ್ಲಿ, ಸೀರೆ ಬಿಗಿಯುವ ಗೆರೆಯ ಕೆಳಗೆ, ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಚುಕ್ಕೆ. ನೋವಿಲ್ಲ, ತುರಿಕೆಯಿಲ್ಲ, ಅವರಿಗೇ ಗೊತ್ತಿರಲಿಲ್ಲ. ಸ್ಕ್ರಬ್ ಟೈಫಸ್‌ನ ಗುರುತು ಅದು. ಹಾಗಾಗಿ ನಮ್ಮ ಪ್ರಶ್ನೆ ವಿಚಿತ್ರ ಅನ್ನಿಸಿದರೂ ಉತ್ತರ ಹೇಳಿ.

‘ಆಗಲ್ಲ ಅಂದ್ರೆ ಡಾಕ್ಟ್ರು ಸರಿಯಾಗಿ ನೋಡ್ತಾರಾ?’

ನೋಡಲೇಬೇಕು. ಸೇರದಿದ್ದರೂ, ಅರ್ಧಕ್ಕೆ ಬಿಟ್ಟರೂ ನಿಮ್ಮ ಚಿಕಿತ್ಸೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಬಿಡುವುದಕ್ಕೆ ಕಾರಣ ಕೊಡುವ ಅಗತ್ಯವೂ ಇಲ್ಲ. ‘ನೋಡ್ತಿರೋ ಡಾಕ್ಟ್ರೇ ಕೇಳಿದಾಗ ಹೇಗೆ ಬೇಡ ಅನ್ನೋದು’ ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಅದಕ್ಕೇ ಒಪ್ಪಿಗೆ ಕೇಳುವ ಕೆಲಸ ಚಿಕಿತ್ಸೆ ಕೊಡುವ ಡಾಕ್ಟರಿಗಿಂತ ಬೇರೆಯವರ ಕೈಯಲ್ಲಿದ್ದರೆ ಒಳ್ಳೆಯದು ಅನ್ನುವವಳು ನಾನು. ‘ಮನೆಯವರ ಹತ್ತಿರ ಕೇಳಿ ಹೇಳ್ತೇನೆ’ ಅಂದು ಸಮಯ ತೆಗೆದುಕೊಳ್ಳಿ.

‘ಇದು ಕಲಿಯೋ ಡಾಕ್ಟ್ರು ಪಾಸಾಗೋಕೆ ಮಾಡೋದಂತೆ, ಹೌದಾ?’

ಎಷ್ಟೋ ಸಲ ಹೌದು. ಎಂಡಿ, ಎಂಎಸ್ ಓದುವವರು ಒಂದು ಪ್ರಬಂಧ ಬರೆಯಲೇಬೇಕು. ಎಂಬಿಬಿಎಸ್ ಹುಡುಗ ಹುಡುಗಿಯರಿಗೂ ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆಯಿದೆ. 2016ರಲ್ಲಿ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾದ ಮೇಲೆ ಫೈಲು ಹಿಡಿದ ಮಕ್ಕಳು ನಮ್ಮ ಜಿಲ್ಲೆಯಲ್ಲೂ ಕಾಣಿಸುತ್ತಾರೆ. ಪ್ರಬಂಧವಾದರೂ ನೈತಿಕ ಸಮಿತಿಯ, ಅಂದರೆ ಅಧ್ಯಯನ ಸರಿಯಾಗಿದೆಯಾ ಅಂತ ಮೊದಲೇ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ನಿಮ್ಮ ಸಹಿ ಬೇಕು. ಶ್ರದ್ಧೆಯಿಂದ ಮಾಡಿದ ಪ್ರಬಂಧದಿಂದ ವಾರ್ಡಿನ ಪದ್ಧತಿ ಬದಲಾದದ್ದನ್ನು ನೋಡಿದ್ದೇನೆ, ಗಡುವು ಬಂತೆಂದು ಕೊನೆಯ ವಾರದಲ್ಲಿ ಅವಸರದಿಂದ ತುಂಬಿದ ನಮೂನೆಗಳನ್ನೂ ನೋಡಿದ್ದೇನೆ. ನಿಮ್ಮ ಹತ್ತಿರ ಬಂದವರು ಕೂತು ಮಾತಾಡುತ್ತಿದ್ದಾರಾ, ನಿಂತೇ ಗುರುತು ಹಾಕುತ್ತಿದ್ದಾರಾ ನೋಡಿ. ಅಷ್ಟರಲ್ಲೇ ಗೊತ್ತಾಗುತ್ತದೆ.

‘ದುಡ್ಡು ನಾವು ಕೊಡಬೇಕಾ, ಅವರು ಕೊಡ್ತಾರಾ?’

ಸ್ಟಡಿಗಾಗಿಯೇ ಮಾಡಿಸುವ ಪರೀಕ್ಷೆಗೆ ನೀವು ಒಂದು ಪೈಸೆಯೂ ಕೊಡಬಾರದು. ಮತ್ತೆ ತೋರಿಸಲು ಬರಬೇಕಾದರೆ ಬಸ್ ಖರ್ಚು, ಒಂದು ದಿನದ ಕೂಲಿ ಕೇಳುವುದು ನ್ಯಾಯವೇ. ಎಷ್ಟು ಅನ್ನುವುದನ್ನು ನೈತಿಕ ಸಮಿತಿ ಒಪ್ಪಿರಬೇಕು. ಆಸೆ ತೋರಿಸುವಷ್ಟು ಹಣ ಕೊಡುವಂತಿಲ್ಲ.

## ಒಪ್ಪಿಗೆ, ಸಹಿ, ಗುಟ್ಟು

‘ನಮ್ಮಮ್ಮಂಗೆ ಓದೋಕೆ ಬರಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡ್ರೆ ಸಾಕಾ?’

ಸಾಲದು. ಓದು ಬಾರದವರಿಗೆ ಪೂರ್ತಿ ಓದಿ ಹೇಳಬೇಕು, ಅದನ್ನು ಕೇಳಿಸಿಕೊಂಡ ಒಬ್ಬ ಸಾಕ್ಷಿ ಬೇಕು. ಆ ಸಾಕ್ಷಿ ಸ್ಟಡಿ ಮಾಡುವ ತಂಡದವರಾಗಿರಬಾರದು. ಅವರೂ ಸಹಿ ಹಾಕಿದರೆ ಮಾತ್ರ ಹೆಬ್ಬೆಟ್ಟಿಗೆ ಬೆಲೆ. ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಸಿಗಬೇಕು.

ಕೊಡಗಿನಲ್ಲಿ ಅದಕ್ಕಿಂತ ದೊಡ್ಡ ತೊಡಕು ಭಾಷೆಯದು. ಪತ್ರ ಕನ್ನಡದಲ್ಲಿರುತ್ತದೆ. ಹಾಸಿಗೆಯ ಮೇಲಿನ ಅಜ್ಜಿಗೆ ಕೊಡವ ತಕ್ಕ್ ಅಥವಾ ಅರೆಭಾಷೆ, ಪಕ್ಕದವರಿಗೆ ಮಲಯಾಳಂ, ಆಚೆಯವರಿಗೆ ಎರವರ ಮಾತು, ಕಾಫಿ ಕುಯ್ಲಿಗೆ ಬಂದ ಹುಡುಗನಿಗೆ ಅಸ್ಸಾಮಿ. ‘ಗೊತ್ತಾಯ್ತಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ನಾನು ಹಾಗೆ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ‘ಈಗ ನಾನು ಹೇಳಿದ್ದನ್ನು ನಿಮ್ಮ ಮಗಳಿಗೆ ಹೇಗೆ ಹೇಳ್ತೀರಿ, ಹೇಳಿ ನೋಡೋಣ’ ಅನ್ನುತ್ತೇನೆ. ಅವರ ಮಾತಿನಲ್ಲೇ ತಪ್ಪಿದ್ದೆಲ್ಲಿ ಅಂತ ತಿಳಿಯುತ್ತದೆ.

ಮಕ್ಕಳ ವಿಷಯದಲ್ಲಿ ತಂದೆತಾಯಿ ಸಹಿ ಹಾಕಿದರೂ, ಏಳು ವರ್ಷ ತುಂಬಿದ ಮಗುವನ್ನು ಬಾಯಿಮಾತಿನಲ್ಲಿ ಕೇಳಬೇಕು. ಹನ್ನೆರಡು ದಾಟಿದವರಿಂದ ಬರಹದಲ್ಲಿ ಸಮ್ಮತಿ ಪಡೆಯಬೇಕು.

‘ಹಾಡಿಯ ಯಜಮಾನರು ಒಪ್ಪಿದ್ದಾರಲ್ಲ, ಮತ್ತೆ ನಮ್ಮನ್ನ ಯಾಕೆ ಕೇಳ್ತೀರಿ?’

ಯಜಮಾನರ ಒಪ್ಪಿಗೆ ಹಾಡಿಯೊಳಗೆ, ಅಂದರೆ ಆದಿವಾಸಿಗಳ ವಸತಿಯೊಳಗೆ ಬರುವುದಕ್ಕೆ. ನಿಮ್ಮ ಮೈಯ ರಕ್ತಕ್ಕೆ ಒಪ್ಪಿಗೆ ನಿಮ್ಮದೇ.

ಕುಡಗೋಲು ಕಣ ರೋಗದ, ಅಂದರೆ ಸಿಕಲ್ ಸೆಲ್‌ನ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ಬರುತ್ತದೆ. ಅದನ್ನು ದೇಶದಿಂದ ಹೋಗಲಾಡಿಸುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2023ರ ಜುಲೈ 1ರಂದು ಶುರುವಾಯಿತು. ಆದಿವಾಸಿಗಳಿರುವ ಜಿಲ್ಲೆಗಳಲ್ಲಿ ತಪಾಸಣೆ ನಡೆಯುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದರೆ ಮಾತ್ರ ರೋಗ. ಒಬ್ಬರಿಂದ ಬಂದರೆ ‘ವಾಹಕ’, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ‘ಆ ಹುಡುಗಿಗೆ ರಕ್ತದ ಕಾಯಿಲೆಯಂತೆ’ ಎಂಬ ಮಾತು ಮದುವೆಯ ಹೊತ್ತಿಗೆ ಹಬ್ಬಿದರೆ ಅದನ್ನು ಹೊರುವವಳು ಆ ಹುಡುಗಿ, ಯಜಮಾನರಲ್ಲ. ಅದಕ್ಕೇ ಒಬ್ಬೊಬ್ಬರನ್ನೇ, ಬೇರೆಯಾಗಿ ಕೂರಿಸಿ ಕೇಳುವುದು.

‘ನನ್ನ ಹೆಸರು ಊರಿಗೆಲ್ಲ ಗೊತ್ತಾಗತ್ತಾ?’

ನಮೂನೆಯಲ್ಲಿ ಹೆಸರಿನ ಬದಲು ಸಂಖ್ಯೆ ಬರೆಯುತ್ತಾರೆ. ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿ ಬೇರೆ ಕಡೆ ಬೀಗದೊಳಗೆ ಇರಬೇಕು. ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಹೆಸರು ತೆಗೆದರೆ ಮುಗಿಯುವುದಿಲ್ಲ. ಮನೆಹೆಸರೊಂದಿದ್ದರೆ ಇಡೀ ಒಕ್ಕವೇ, ಅಂದರೆ ಕುಟುಂಬವೇ ಗೊತ್ತಾಗುತ್ತದೆ. ‘ಇಂಥ ಊರಿನ 42 ವರ್ಷದ ಪೋಸ್ಟ್‌ಮ್ಯಾನ್’ ಅಂದರೆ ಇನ್ನೇನು ಉಳಿಯಿತು? ಪ್ರಕಟಿಸುವಾಗ ಊರನ್ನು ತಾಲ್ಲೂಕು ಮಾಡಿ, ವಯಸ್ಸನ್ನು ‘40ರಿಂದ 49’ ಮಾಡಿ ಅಂತ ನಾನು ಕಲಿಯುವವರ ಬೆನ್ನು ಹತ್ತುತ್ತೇನೆ. ನಿಮ್ಮ ಗಾಯದ ಫೋಟೋ ತೆಗೆಯಬೇಕಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು.

## ನಮ್ಮಲ್ಲಿನ ಕಾಯಿಲೆಗಳ ಬಗ್ಗೆ

‘ಮದ್ದು ಸೊಪ್ಪು ತಿಂದಿದ್ದನ್ನೂ ಹೇಳಬೇಕಾ?’

ದಯವಿಟ್ಟು ಹೇಳಿ. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮನೆಮನೆಯಲ್ಲೂ ಮದ್ದು ಸೊಪ್ಪಿನ ರಸದಲ್ಲಿ ಪಾಯಸ, ಹಲ್ವಾ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾಗುವುದು ಕೊಡಗಿನವರಿಗೆಲ್ಲ ಗೊತ್ತು. ಅದೇ ವಾರ ವಾರ್ಡಿನಲ್ಲಿ ಇಲಿಜ್ವರದವರೂ ಹಾವು ಕಚ್ಚಿದವರೂ ಇರುತ್ತಾರೆ. ಅವರಲ್ಲಿ ಮೂತ್ರದ ಬಣ್ಣ ಬದಲಾದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯಾ ಅಂತ ಡಾಕ್ಟರು ಗಾಬರಿಯಾಗುತ್ತಾರೆ. ಹೊರಗಿನಿಂದ ಬಂದ ಯುವ ಡಾಕ್ಟರಿಗೆ ಮದ್ದು ಸೊಪ್ಪು ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ತಯಾರಾದ ನಮೂನೆಯಲ್ಲಿ ಆ ಪ್ರಶ್ನೆಯೂ ಇರುವುದಿಲ್ಲ. ಕೊಡಗಿನ ಅಧ್ಯಯನಕ್ಕೆ ಕೊಡಗಿನ ಪ್ರಶ್ನೆಗಳೇ ಬೇಕು ಅಂತ ನಾನು ಹಟ ಹಿಡಿಯುವುದು ಇಂಥ ಕಾರಣಕ್ಕೆ.

ಸೊಪ್ಪಿನ ಗುಣದ ಮೇಲೆ ಪ್ರಯೋಗಾಲಯದಲ್ಲಿ ಅಧ್ಯಯನಗಳು ನಡೆದಿವೆ, ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣವಿದೆ ಅಂದಿದ್ದಾರೆ. ಗಾಜಿನ ನಳಿಗೆಯಲ್ಲಿ ಕಂಡದ್ದು ಮನುಷ್ಯನ ಮೈಯಲ್ಲೂ ಕೆಲಸ ಮಾಡುತ್ತದೆ ಅನ್ನಲು ರೋಗಿಗಳನ್ನಿಟ್ಟುಕೊಂಡೇ ನೋಡಬೇಕು. ಹಬ್ಬಕ್ಕೆ ತಿನ್ನಿ, ಮಾತ್ರೆ ಬಿಟ್ಟು ತಿನ್ನಬೇಡಿ.

‘ರಕ್ತ ಕಮ್ಮಿ ಅಂತ ಒಂದು ಕಡೆ, ಸರಿ ಇದೆ ಅಂತ ಇನ್ನೊಂದು ಕಡೆ. ಯಾರನ್ನ ನಂಬೋದು?’

ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ, ಬಸುರಿಗೆ 11, ಗಂಡಸಿಗೆ 13 ಇದ್ದರೆ ಸಾಕು ಎಂಬುದು ಸಾಮಾನ್ಯ ಲೆಕ್ಕ. (ಬಸುರಿಗೆ ನಡುವಿನ ಮೂರು ತಿಂಗಳಲ್ಲಿ ಇದಕ್ಕಿಂತ ತುಸು ಕಡಿಮೆ ಇದ್ದರೂ ಒಪ್ಪುತ್ತಾರೆ.) ಆದರೆ ಎತ್ತರದ ಊರಿನಲ್ಲಿ ಗಾಳಿ ತೆಳು, ಮೈ ತಾನಾಗಿಯೇ ಸ್ವಲ್ಪ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ಹಾಗಾಗಿ ಬಯಲಿನವರ ಅಳತೆಗೋಲನ್ನು ಬೆಟ್ಟದವರಿಗೆ ಹಾಗೇ ಹಿಡಿದರೆ ರಕ್ತಹೀನತೆ ಇರುವವರೂ ‘ಸರಿ ಇದ್ದೀರಿ’ ಅನ್ನಿಸಿಕೊಂಡು ಮನೆಗೆ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 1,000ದಿಂದ 1,499 ಮೀಟರ್ ಎತ್ತರದ ಊರುಗಳಿಗೆ ಈ ಗಡಿಯನ್ನು 0.8 ಗ್ರಾಂ ಮೇಲೇರಿಸಿ ನೋಡಿ ಅಂದಿದೆ. ಮಡಿಕೇರಿ 1,100 ಮೀಟರಿಗೂ ಮೇಲಿದೆ. ಅಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ 12.3 ಬಂದರೆ ಅದು ನಿರಾಳವಾಗುವ ಅಂಕಿಯಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಇಷ್ಟು ದೊಡ್ಡ ವಿಷಯದಲ್ಲಿ ಒಂದು ಗ್ರಾಮಿನ ಮುಕ್ಕಾಲು ಭಾಗವೂ ಸಣ್ಣದಲ್ಲ.

‘ಹಾವು ಕಚ್ಚಿದವರ ಲೆಕ್ಕ ಇಟ್ಟು ಏನು ಸಿಗತ್ತೆ?’

ನಮ್ಮ ದೇಶದ ಹಾವಿನ ವಿಷದ ಚುಚ್ಚುಮದ್ದು ನಾಲ್ಕು ಹಾವುಗಳಿಗೆ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ಮೂಗಿನ ತುದಿ ಮೇಲಕ್ಕೆ ಬಾಗಿದ ಒಂದು ಸಣ್ಣ ಗುಳಿಮಂಡಲವೂ ಇದೆ. ಅದು ಕಚ್ಚಿದವರಲ್ಲೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡ ಕೆಡಬಹುದು. ಆ ಚುಚ್ಚುಮದ್ದು ಅದಕ್ಕೆ ನಾಟುವುದಿಲ್ಲ. 2007ರಲ್ಲಿ ಕೇರಳದ ವೈದ್ಯರು ಬೆರಳೆಣಿಕೆಯ ರೋಗಿಗಳ ವಿವರವನ್ನು, ತಂದಿದ್ದ ಹಾವಿನ ಗುರುತಿನ ಸಮೇತ ಪ್ರಕಟಿಸಿದ ಮೇಲೆಯೇ ಅದರ ಅಪಾಯ ವೈದ್ಯಲೋಕಕ್ಕೆ ಸರಿಯಾಗಿ ಗೊತ್ತಾದದ್ದು. ಅದಕ್ಕೂ ಮೊದಲು ಆ ಹಾವನ್ನು ಗರಗಸ ಮಂಡಲ ಅಂದುಕೊಂಡುಬಿಡುತ್ತಿದ್ದರು.

2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹಾವನ್ನು ಹಿಡಿಯಲು, ಹೊಡೆಯಲು ಹೋಗಬೇಡಿ. ದೂರದಿಂದ ಫೋಟೋ ಸಿಕ್ಕಿದರೆ ಸಾಕು, ಸಿಗದಿದ್ದರೂ ಸರಿ, ಮೊದಲು ಆಸ್ಪತ್ರೆ.

‘ಬಿಪಿ ಮನೇಲಿ ಒಂದು, ಇಲ್ಲಿ ಒಂದು ಬರತ್ತಲ್ಲ?’

ಏರು ಹತ್ತಿ ಬಂದ ಕೂಡಲೇ ಪಟ್ಟಿ ಕಟ್ಟಿದರೆ ಹೆಚ್ಚೇ ಬರುತ್ತದೆ. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಕೂರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಚಳಿಯಲ್ಲೂ ಬಿಪಿ ತುಸು ಏರುತ್ತದೆ, ಹಾಗಾಗಿ ಯಾವ ತಿಂಗಳಲ್ಲಿ ನೋಡಿದ್ದು ಅನ್ನುವುದನ್ನೂ ಬರೆಯಬೇಕು.

## ಇನ್ನೂ ಒಳಗೆ ಹೋಗಿ ಕೇಳುವವರಿಗೆ

‘ಚೀಟಿ ಎತ್ತಿದ ಹಾಗೆ ಔಷಧಿ ಕೊಡೋದು ನ್ಯಾಯವಾ?’

ಎರಡರಲ್ಲಿ ಯಾವುದು ಮೇಲು ಎಂದು ನಿಜವಾಗಿಯೂ ಯಾರಿಗೂ ಗೊತ್ತಿಲ್ಲದಾಗ ಮಾತ್ರ ನ್ಯಾಯ. ಡಾಕ್ಟರೇ ಆರಿಸಿದರೆ, ಗಟ್ಟಿ ಇರುವವರಿಗೆ ಒಂದು, ಸೋತವರಿಗೆ ಇನ್ನೊಂದು ಕೊಟ್ಟುಬಿಡಬಹುದು. ಆಮೇಲೆ ಔಷಧಿಯಿಂದ ಗುಣವಾದದ್ದೋ, ಮೊದಲೇ ಗಟ್ಟಿ ಇದ್ದದ್ದೋ ತಿಳಿಯುವುದಿಲ್ಲ.

ಸ್ಕ್ರಬ್ ಟೈಫಸ್‌ನದೇ ಉದಾಹರಣೆ. ಡಾಕ್ಸಿಸೈಕ್ಲಿನ್ ಮೇಲೋ ಅಜಿತ್ರೋಮೈಸಿನ್ ಮೇಲೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ನೇತೃತ್ವದಲ್ಲಿ ಭಾರತದ ಏಳು ಆಸ್ಪತ್ರೆಗಳಲ್ಲಿ, ತೀವ್ರವಾಗಿ ಬಳಲುತ್ತಿದ್ದ ಸುಮಾರು 800 ರೋಗಿಗಳನ್ನು ಮೂರು ಗುಂಪು ಮಾಡಿದರು. 2023ರಲ್ಲಿ ಫಲಿತಾಂಶ ಬಂತು: ಎರಡನ್ನೂ ಒಟ್ಟಿಗೆ ಕೊಟ್ಟವರಲ್ಲಿ ಸಾವು, ಬಿಡದ ಜ್ವರ, ಮುಂದುವರಿದ ತೊಡಕು ಇವನ್ನೆಲ್ಲ ಸೇರಿಸಿದ ಲೆಕ್ಕ ಶೇ 33, ಒಂದೊಂದನ್ನೇ ಕೊಟ್ಟವರಲ್ಲಿ ಶೇ 47ರ ಆಸುಪಾಸು. ಸಾವೊಂದನ್ನೇ ಬೇರೆ ಮಾಡಿ ನೋಡಿದರೆ ಹೇಳುವಂಥ ವ್ಯತ್ಯಾಸ ಇರಲಿಲ್ಲ ಎಂಬುದನ್ನೂ ಅವರೇ ಬರೆದಿದ್ದಾರೆ. ಒಳ್ಳೆಯ ಅಧ್ಯಯನ ಹಾಗೇ ಇರುತ್ತದೆ, ತನಗೆ ಸಿಗದಿದ್ದನ್ನೂ ಹೇಳುತ್ತದೆ.

ನಮ್ಮ ರಾಜ್ಯದ್ದೇ ಇನ್ನೊಂದು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರಿಗೆ, ಹೆರಿಗೆ ಮಾಡಿಸಿದ ಸಹಾಯಕ ನರ್ಸ್‌ಗಳೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಅಥವಾ ಔಷಧಿಯಿಲ್ಲದ ಅದೇ ಥರದ ಮಾತ್ರೆ ಕೊಟ್ಟರು. 2006ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು.

‘ಟ್ರಯಲ್‌ನಲ್ಲಿ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?’

ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳ ಪ್ರಕಾರ, ಟ್ರಯಲ್‌ನಿಂದ ತೊಂದರೆಯಾದರೆ ಬೇಕಾದಷ್ಟು ಕಾಲ ಉಚಿತ ಚಿಕಿತ್ಸೆ, ಅದರ ಮೇಲೆ ಪರಿಹಾರ. ಗಂಭೀರ ತೊಂದರೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಟ್ರಯಲ್ ಅಧಿಕೃತವೇ ಎಂದು ನೋಡಲು ಐಸಿಎಂಆರ್ 2007ರಲ್ಲಿ ಶುರುಮಾಡಿದ ಸಿಟಿಆರ್‌ಐ ಎಂಬ ನೋಂದಣಿ ಪಟ್ಟಿಯಿದೆ. ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದು. ಒಪ್ಪಿಗೆ ಪತ್ರದಲ್ಲಿ ನೋಂದಣಿ ಸಂಖ್ಯೆ ಇದೆಯಾ ಅಂತ ಕೇಳಿ.

‘ಎಥಿಕ್ಸ್ ಕಮಿಟಿ ಅಂದ್ರೆ ಅದೇ ಆಸ್ಪತ್ರೆಯವರು ತಾನೆ?’

ಪೂರ್ತಿ ಅಲ್ಲ. ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಹೊರಗಿನವರು, ಅಧ್ಯಕ್ಷರೂ ಹೊರಗಿನವರು. ಕಾನೂನು ಬಲ್ಲವರು, ಮಹಿಳೆ, ವೈದ್ಯಕೀಯದ ಗಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಆ ಸಾಮಾನ್ಯ ವ್ಯಕ್ತಿಯ ಕುರ್ಚಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ‘ಈ ಪತ್ರ ನನಗೇ ಅರ್ಥವಾಗಲಿಲ್ಲ’ ಅನ್ನುವ ಧೈರ್ಯ ಅವರಿಗಿದ್ದರೆ ಎಷ್ಟೋ ಜನರಿಗೆ ಉಪಕಾರ.

‘ಆಸ್ಪತ್ರೆಯ ನೂರು ಜನರನ್ನ ನೋಡಿ ಕೊಡಗಿನಲ್ಲಿ ಇಷ್ಟು ಪರ್ಸೆಂಟ್ ಅಂತ ಬರೀಬಹುದಾ?’ (ಇದು ಹೌಸ್ ಸರ್ಜನ್ ಒಬ್ಬರ ಪ್ರಶ್ನೆ)

ಬರೆಯಬಾರದು. ಆಸ್ಪತ್ರೆಗೆ ಬರುವವರು ಜೋರಾಗಿ ಕಾಯಿಲೆ ಬಿದ್ದವರು, ಬಸ್ ಸಿಕ್ಕವರು, ಜೊತೆಗೆ ಬರಲು ಜನವಿದ್ದವರು. ಕುಟ್ಟದ ಕಡೆಯವರು ವಯನಾಡಿಗೆ ಇಳಿಯುತ್ತಾರೆ, ಸಂಪಾಜೆಯವರು ಸುಳ್ಯ, ಮಂಗಳೂರಿಗೆ, ಕುಶಾಲನಗರದವರು ಮೈಸೂರಿಗೆ. ಮಡಿಕೇರಿಯ ಒಂದು ವಾರ್ಡು 2011ರ ಜನಗಣತಿಯ 5.54 ಲಕ್ಷ ಜನರ ಕನ್ನಡಿಯಾಗಲಾರದು. ಎರಡು ಕಾಯಿಲೆ ಇದ್ದವರು ದಾಖಲಾಗುವ ಸಂಭವ ಹೆಚ್ಚು, ಹಾಗಾಗಿ ಸಂಬಂಧವಿಲ್ಲದ ಎರಡು ಕಾಯಿಲೆಗಳು ವಾರ್ಡಿನಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ‘ದಾಖಲಾದವರಲ್ಲಿ ಇಷ್ಟು’ ಅಂತ ಬರೆಯಿರಿ. ಅಷ್ಟಕ್ಕೂ ಬೆಲೆಯಿದೆ: ಎಷ್ಟು ಹಾಸಿಗೆ ಬೇಕು, ಯಾವ ತಿಂಗಳಲ್ಲಿ ಯಾವ ಔಷಧಿ ತರಿಸಿಡಬೇಕು ಅನ್ನುವುದಕ್ಕೆ ಅದೇ ಆಧಾರ.

‘ಮೂವತ್ತು ಜನ ಸಾಕಲ್ವಾ?’

ಅರ್ಧದಷ್ಟು ಜನರಲ್ಲಿರುವ ತೊಂದರೆಯನ್ನು 30 ಜನರಲ್ಲಿ ಅಳೆದರೆ ಉತ್ತರ ಆಚೀಚೆ ಶೇ 18ರಷ್ಟು ಓಲಾಡುತ್ತದೆ. ಅದನ್ನು ಶೇ 5ಕ್ಕೆ ತರಲು 384 ಜನ ಬೇಕು. ವಿರಳ ಕಾಯಿಲೆಗೆ, ಮೇಲೆ ಹೇಳಿದ ಗುಳಿಮಂಡಲದ ಥರ, ಐದಾರು ಜನರ ಪೂರ್ಣ ವಿವರವೇ ಚಿನ್ನ. ಪ್ರಶ್ನೆ ಯಾವುದು ಅಂತ ಮೊದಲು ತೀರ್ಮಾನಿಸಿ.

‘ಹಳೆಯ ಕೇಸ್ ಶೀಟ್‌ಗಳಿಂದಲೇ ಮಾಡಿಬಿಟ್ಟರೆ?’

ಮಾಡಬಹುದು, ಸಮಿತಿಯ ಅನುಮತಿಯೊಂದಿಗೆ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷದ ಕಟ್ಟುಗಳನ್ನು ಬಿಚ್ಚಿ ಕೂತಿದ್ದೆವು. ತೇವಕ್ಕೆ ಹಾಳೆ ಹಾಳೆ ಅಂಟಿಕೊಂಡಿದ್ದವು. ಬಿಪಿ ಎಲ್ಲರದ್ದೂ 120/80, 130/80, 140/90. ಸೊನ್ನೆಯಲ್ಲೇ ಮುಗಿಯುವ ಅಂಕಿಗಳು, ಸರಿಯಾಗಿ ಅಳೆದು ಬರೆದದ್ದಲ್ಲ ಅನ್ನುವುದಕ್ಕೆ ಗುರುತು. ಉದ್ಯೋಗದ ಜಾಗದಲ್ಲಿ ಪುಟದ ಮೇಲೆ ಪುಟ ‘ಕೂಲಿ’. ಗದ್ದೆಯ ಕೂಲಿಯೋ, ಮರ ಹತ್ತಿ ಮೆಣಸು ಕುಯ್ಯುವ ಕೂಲಿಯೋ, ರಸ್ತೆ ಕೆಲಸವೋ? ಇಲಿಜ್ವರದ ಬಗ್ಗೆ ನಾವು ತಿಳಿಯಬೇಕೆಂದಿದ್ದೆಲ್ಲ ಆ ಒಂದು ಪದದೊಳಗೆ ಹೂತುಹೋಗಿತ್ತು. ಇಂದು ಕೇಸ್ ಶೀಟ್ ಬರೆಯುತ್ತಿರುವವರು ಇನ್ನೆರಡು ಪದ ಸೇರಿಸಿ ಬರೆಯಿರಿ.

‘ಎಲ್ಲ ಬರ್ಕೊಂಡು ಹೋದ್ರಲ್ಲ, ಆಮೇಲೆ ಏನಾಯ್ತು?’

ಸೋಮವಾರಪೇಟೆ ಕಡೆಯ ಅಜ್ಜರೊಬ್ಬರು ಎರಡನೇ ಸಲ ದಾಖಲಾದಾಗ ನನ್ನನ್ನು ಕೇಳಿದ್ದು ಇದೇ ಮಾತು. ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ರಬಂಧ ಗ್ರಂಥಾಲಯ ಸೇರಿತ್ತು, ಡಾಕ್ಟರು ಬೇರೆ ಊರಿಗೆ ಹೋಗಿದ್ದರು.

ತಿರುಗಿ ಜನರಿಗೆ ಮುಟ್ಟಿದ ಅಧ್ಯಯನಗಳೂ ಇವೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಕ್ಷಯ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಕ್ಷಯ ರೋಗಿಗಳಿಗೆ ಸರ್ಕಾರ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ.

ಆ ಅಜ್ಜರ ಮಾತಿನ ಮೇಲೆ ನಾವು ಒಪ್ಪಿಗೆ ಪತ್ರದ ಕೊನೆಗೆ ಒಂದು ಸಾಲು ಸೇರಿಸಿದ್ದೇವೆ: ‘ಫಲಿತಾಂಶ ನಿಮಗೆ ತಿಳಿಸಬೇಕೇ? ಯಾವ ಭಾಷೆಯಲ್ಲಿ, ಯಾವ ನಂಬರಿಗೆ?’ ನಿಮ್ಮ ಮುಂದಿಟ್ಟ ಪತ್ರದಲ್ಲಿ ಆ ಸಾಲು ಇಲ್ಲದಿದ್ದರೆ, ಸಹಿ ಹಾಕುವ ಮೊದಲು ಅಂಚಿನಲ್ಲಿ ಪೆನ್ನಿನಿಂದ ಬರೆಸಿ.